ಹುಸೇನಸಾಬರ ಪಾಲಿನ ಮೀನು

ಹೋದ ವಾರ ನರಗುಂದದಿಂದ ರೋಣಕ್ಕೆ ಹೊರಟ ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳು ಮೀನಿನ ಬುಟ್ಟಿ ಹಿಡಿದು ನನ್ನ ಪಕ್ಕದಲ್ಲೇ ಬಂದು ಕುಳಿತಳು. ಬಸ್ಸಿನ ಅರ್ಧ ಜನ ಮೂಗಿಗೆ ಕರವಸ್ತ್ರ ಹಿಡಿದರು. ಉಳಿದರ್ಧ ಜನ ಬುಟ್ಟಿಯಲ್ಲಿ ಯಾವ ಮೀನಿದೆ ಎಂದು ಇಣುಕಿದರು. ನಮ್ಮ ಮನೆತನದಲ್ಲಿ ಮೀನು ತಿಂದವರಿಲ್ಲ. ಆದರೂ ಆ ವಾಸನೆ ಬಂದೊಡನೆ ನನಗೆ ನೆನಪಾದದ್ದು ನನ್ನ ಸೋದರಮಾವ. ಇದು ಮಾಮಾನ ಕಿವಿಗೆ ಬಿದ್ದರೆ ಅವರಿಗೆ ಸಿಟ್ಟೇನೂ ಬರಲಾರದು, ನಮ್ಮ ಅತ್ತೆಗೆ ಬಂದೀತು.

ಮಾಮಾ ಸರ್ವೇ ಖಾತೆಯಲ್ಲಿದ್ದವರು. ಕಪ್ಪು ಮಣ್ಣಿನ ಹೊಲಗಳಲ್ಲಿ ಅಳತೆಯ ಸರಪಳಿ ಎಳೆಸುತ್ತ ಆಯುಷ್ಯ ಕಳೆದವರು. ಆ ಸರಪಳಿಯ ಇನ್ನೊಂದು ತುದಿ ಹಿಡಿಯುತ್ತಿದ್ದವರು ಗಜೇಂದ್ರಗಡದ ಹುಸೇನಸಾಬರು. ಒಮ್ಮೆ ಗಜೇಂದ್ರಗಡದ ಗುಡ್ಡ ಅಳೆಯಲು ಹೋದಾಗ, ಮೇಲಿನ ಕೆರೆಯ ದಂಡೆಯಲ್ಲಿ ಯಾರೋ ಬಿಟ್ಟುಹೋದ ಗಾಳದ ಕೋಲು ಮಾಮಾನಿಗೆ ಸಿಕ್ಕಿತಂತೆ. ಊಟದ ನಂತರ ಬೇಸರ ಕಳೆಯಲು ಅದಕ್ಕೆ ಜೋಳದ ಹಿಟ್ಟಿನ ಉಂಡೆ ಸಿಕ್ಕಿಸಿ ನೀರಿಗೆ ಬಿಟ್ಟರು. ಎರೆಹುಳು ಚುಚ್ಚುವುದು ಪಾಪ ಎಂಬ ಧರ್ಮಸೂಕ್ಷ್ಮ ಅವರಿಗೆ ಆಗಲೂ ಇತ್ತು. ಮೀನು ಬಿದ್ದೇಬಿಟ್ಟಿತು. ಹಿಡಿದದ್ದನ್ನು ಏನು ಮಾಡಬೇಕೆಂದು ತಿಳಿಯದೆ ಅವರು ಕೈಯಲ್ಲಿ ವಿಲವಿಲ ಒದ್ದಾಡುವ ಮೀನು ಹಿಡಿದು ನಿಂತಾಗ ಹುಸೇನಸಾಬರು, "ಕೊಡ್ರಿ ಸಾಹೇಬ್ರ, ನಾ ಮನಿಗೆ ಒಯ್ತೀನಿ" ಎಂದು ಕೈಯೊಡ್ಡಿದರು.

ಅಷ್ಟೇ. ಅಂದಿನಿಂದ ಪ್ರತಿ ವರ್ಷ ದಸರೆ ಮುಗಿದ ಮೇಲೆ ಒಂದು ದಿನ ಇಬ್ಬರೂ ಗುಡ್ಡ ಹತ್ತುತ್ತಿದ್ದರು. ನೌಕರಿಯಿಂದ ನಿವೃತ್ತರಾದ ಮೇಲೂ ಇದು ತಪ್ಪಲಿಲ್ಲ. ಮಾಮಾ ಹಿಡಿಯುವುದು, ಹುಸೇನಸಾಬರು ಒಯ್ಯುವುದು. ಅತ್ತೆ ಮುಖ ಗಂಟಿಕ್ಕಿದರೆ, "ಪಾಪ, ಅಂವಗ ಮೀನಂದ್ರ ಜೀವ. ವರ್ಷಕ್ಕ ಒಂದ ದಿನ ಅವನ ಸಲುವಾಗಿ ಹೋಗ್ತೀನಿ" ಎನ್ನುತ್ತಿದ್ದರು. ಪರೋಪಕಾರದ ಮುಂದೆ ಅತ್ತೆಯೂ ಸುಮ್ಮನಾಗುತ್ತಿದ್ದರು.

ನಾಲ್ಕು ವರ್ಷಗಳ ಹಿಂದೆ, ಬೇಸಿಗೆಯಲ್ಲಿ ಹುಸೇನಸಾಬರು ತೀರಿಕೊಂಡರು. ಆಗ ಮಾಮಾ ಹರ್ನಿಯಾ ಆಪರೇಶನ್ ಮಾಡಿಸಿಕೊಂಡು ಹುಬ್ಬಳ್ಳಿಯ ದವಾಖಾನೆಯಲ್ಲಿದ್ದರು. ಮಣ್ಣಿಗೆ ಹೋಗಲಾಗಲಿಲ್ಲ. ಎದ್ದು ಓಡಾಡುವಂತಾದ ಮೇಲೂ ಆ ಮನೆಗೆ ಹೋಗಲಿಲ್ಲ. ಇವತ್ತು, ನಾಳೆ ಎನ್ನುತ್ತ ಮಳೆಗಾಲವೂ ಕಳೆಯಿತು. ದಸರೆ ಮುಗಿದ ವಾರ ನನಗೆ ಮಾಮಾನ ಫೋನ್ ಬಂತು.

"ತಮ್ಮಾ, ಕೆರಿಗೆ ಹೋಗಬೇಕು. ಮೀನ ಹಿಡಕೊಂಡು ಅವರ ಮನಿಗೆ ಹೋಗಿಬರ್ತೀನಿ. ಖಾಲಿ ಕೈಲೆ ಹ್ಯಾಂಗ ಹೋಗ್ಲಿ, ಹೇಳು?"

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವ. ಬೆಟ್ಟ, ಕಣಿವೆ, ಪ್ರಸ್ಥಭೂಮಿಗಳನ್ನೆಲ್ಲ ಕರಿಹಲಗೆಯ ಮೇಲೆ ಲೀಲಾಜಾಲವಾಗಿ ಹತ್ತಿಳಿದಿದ್ದೇನೆ. ಆದರೆ ಮಾಮಾನ ಜೊತೆ ಹೋದ ದಿನ ಗುಡ್ಡದ ಬುಡದಲ್ಲಿ ಕಾಲುದಾರಿ ಒಂದು ಕಡೆ ಹೋದರೆ ಅವರು ಇನ್ನೊಂದು ಕಡೆ ಹೊರಟರು.

"ಮಾಮಾ, ದಾರಿ ಇಲ್ಲೈತ್ರಿ."

"ಅದು ಸುತ್ತ ಹಾಕ್ತೈತಿ. ನಮ್ಮ ಸರಪಳಿ ಯಾವತ್ತೂ ನೆಟ್ಟಗ ಹೋಗ್ತಿತ್ತು. ಬಾ."

ಸರಪಳಿಗೆ ಚರ್ಮವಿಲ್ಲ, ಪ್ಯಾಂಟೂ ಇಲ್ಲ. ನನಗೆ ಎರಡೂ ಇದ್ದವು, ಎರಡೂ ಹರಿದವು. ಕವಳಿ ಕಂಟಿಗಳು ತೋಳು ಗೀರಿದವು, ಉತ್ತರಾಣಿಯ ಬೀಜಗಳು ಮೊಣಕಾಲಿನವರೆಗೆ ಅಂಟಿಕೊಂಡವು. ಒಣಗಿ ಹೊಂಬಣ್ಣವಾದ ಹುಲ್ಲಿನಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲು ಜಾರುತ್ತಿತ್ತು. ಎದುರಿನ ದಿಬ್ಬದ ಮೇಲೆ ಗಾಳಿಯಂತ್ರದ ರೆಕ್ಕೆಗಳು ಯಾವ ಆತುರವೂ ಇಲ್ಲದೆ ತಿರುಗುತ್ತಿದ್ದವು. ಎರಡು ಸಲ ದಾರಿ ತಪ್ಪಿದೆವು. ದಾರಿಯೇ ಇಲ್ಲದವರು ತಪ್ಪುವುದು ಹೇಗೆ ಎಂದು ಮಾಮಾ ವಾದಿಸಿದರು. ತಾವೇ ಅಳೆದು ನಕ್ಷೆ ಬರೆದ ಗುಡ್ಡದಲ್ಲಿ ನಿಂತು, "ಇಲ್ಲೊಂದು ಬಂಡಿಗಲ್ಲು ಇತ್ತಲ್ಲ, ಎಲ್ಲಿ ಹೋತು?" ಎಂದು ಸುತ್ತ ನೋಡಿದರು. ಮುಂದೆ ಹೋಗಿ ಮುಳ್ಳು ಸರಿಸಿ ದಾರಿ ಹೇಳುತ್ತಿದ್ದವರು ಹುಸೇನಸಾಬರು ಎಂಬುದು ಆಗ ನನಗೆ ಹೊಳೆಯಿತು. ಮಾಮಾನಿಗೂ ಹೊಳೆದಿರಬೇಕು. ಗಾಳದ ಕೋಲಿನಿಂದ ತಾವೇ ಮುಳ್ಳು ಸರಿಸತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಕೆರೆ ಸಿಕ್ಕಿತು. ಕೆರೆ ಎನ್ನುವುದು ರೂಢಿಯ ಮಾತು. ದಂಡೆ ಮಾತ್ರ ಹಿಂದಿನಷ್ಟೇ ದೊಡ್ಡದಿತ್ತು. ಒಳಗೆ ಬಿರುಕುಬಿಟ್ಟ ಹೂಳು, ಅದರ ನಡುವೆ ನಮ್ಮ ಶಾಲೆಯ ಅಂಗಳದಷ್ಟು ನೀರು. ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಮಾಮಾನ ಗಾಳದ ಕೋಲು ನೋಡಿ ನಕ್ಕ.

"ಗಾಳ ಯಾಕ್ರಿ ಯಜಮಾನ್ರ? ವರ್ಷಾ ವರ್ಷಾ ನೀರು ಕಡಿಮಿ ಆಗಿ, ಇದ್ದ ಮೀನೆಲ್ಲಾ ಒಂದ ಕಡೆ ಸೇರ್ಯಾವ. ಕೈ ಹಾಕ್ರಿ, ತಾವ ಬರ್ತಾವ."

ಮಾಮಾ ಒಪ್ಪಲಿಲ್ಲ. ಹಿಡಿದರೆ ಕ್ರಮವಾಗಿ ಹಿಡಿಯಬೇಕು. ಜೋಳದ ಹಿಟ್ಟಿನ ಉಂಡೆ ಕಟ್ಟಿ, ಬಿಸಿಲಿನಲ್ಲಿ ಎರಡು ತಾಸು ಕುಳಿತರು. ಮೀನುಗಳು ಕಾಲ ಬುಡದಲ್ಲೇ ಬೆನ್ನು ತೋರಿಸಿ ಓಡಾಡಿದವು, ಹಿಟ್ಟನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಮುದುಕನಿಗೇ ಕನಿಕರ ಬಂದು, ತಲೆಯ ರುಮಾಲು ಬಿಚ್ಚಿ ಒಮ್ಮೆ ನೀರಿನಲ್ಲಿ ಬಾಚಿದ. ಐದು ಮೀನು ಬಂದವು. ಮಾಮಾ ಅವನ್ನು ಚೀಲಕ್ಕೆ ಹಾಕಿಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. "ಇದನ್ನ ಅಲ್ಲಿ ಹೇಳಬ್ಯಾಡ" ಎಂದರು.

ಇಳಿಯುವಾಗ ಕಾಲುದಾರಿಯಲ್ಲೇ ಬಂದೆವು. ಮಾಮಾ ಸರಪಳಿಯ ಮಾತೆತ್ತಲಿಲ್ಲ.

ಹುಸೇನಸಾಬರ ಹೆಂಡತಿ ಖೈರುನಬಿ ಬಾಗಿಲಲ್ಲೇ ಇದ್ದರು. ಮಾಮಾನನ್ನು ನೋಡಿ ಸೆರಗು ಕಣ್ಣಿಗೊತ್ತಿಕೊಂಡು, "ಬರ್ರಿ ಸಾಹೇಬ್ರ. ಈಗರೆ ಬಂದ್ರೆಲ್ಲ" ಎಂದರು. ಅದು ಬೈದದ್ದೋ ಬರಮಾಡಿಕೊಂಡದ್ದೋ ಮಾಮಾನಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತು ಚೀಲ ಮುಂದೆ ಚಾಚಿದರು. "ಹುಸೇನನ ಪಾಲಿಂದು, ತಂಗಿ."

ಆಕೆ ಚೀಲದೊಳಗೆ ನೋಡಿ ಅದನ್ನು ಕಟ್ಟೆಯ ಮೇಲಿಟ್ಟರು.

"ಒಂದ ಮಾತ ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಅವರು ಮೀನ ತಿಂತಿದ್ದಿಲ್ರಿ."

"ಅಂದ್ರ?"

"ವಾಸನಿ ಬಡದ್ರ ಹೊಟ್ಟಿ ತೊಳಸ್ತಿತ್ರಿ ಅವರಿಗೆ. ನೀವು ಕೊಟ್ಟಿದ್ದನ್ನ ಓಣಿ ತಿರುವಿನ್ಯಾಗ ಯಾರಿಗರೆ ಕೊಟ್ಟು, ಕೈ ತೊಳಕೊಂಡು ಒಳಗ ಬರ್ತಿದ್ರು. 'ಸಾಹೇಬ್ರಿಗೆ ಮೀನ ಹಿಡಿಯೂ ಹುಚ್ಚ ಐತಿ, ನಾ ಒಲ್ಲೆ ಅಂದ್ರ ಹಿಡಿಯೂದ ಬಿಟ್ಟಬಿಡ್ತಾರ, ಪಾಪ' ಅಂತಿದ್ರು."

ಮಾಮಾ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ತಂಗಿ, ನಾ ಅವನ ಸಲುವಾಗಿ ಹೋಗ್ತಿದ್ನಲ್ಲ! ನನಗ ಆ ನೀರಿನ ಮುಂದ ಕುಂತು ಕುಂತು ನಿದ್ದಿ ಬರ್ತಿತ್ತು" ಎಂದರು. ಹೇಳುತ್ತ ಹೇಳುತ್ತ ನಗತೊಡಗಿದರು. ಆ ನಗೆ ನಡುವೆ ಎಲ್ಲಿ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ. ದವಾಖಾನೆಯಲ್ಲಿ ಸುದ್ದಿ ಕೇಳಿದಾಗಲೂ ಅಳದಿದ್ದ ಮನುಷ್ಯ ತಲೆ ತಗ್ಗಿಸಿ ಬಹಳ ಹೊತ್ತು ಅತ್ತರು. ಖೈರುನಬಿ ಒಳಗಿನಿಂದ ನೀರು ತಂದುಕೊಟ್ಟರು. ನಂತರ ಚೀಲವನ್ನು ಎತ್ತಿಕೊಂಡು, "ನನಗ ಮೀನ ಭಾಳ ಸೇರ್ತೈತ್ರಿ" ಎಂದರು. "ಇಷ್ಟ ವರ್ಷದಾಗ ಒಂದೂ ನನ್ನ ಗಂಗಾಳಕ್ಕ ಬಂದಿದ್ದಿಲ್ಲ, ನೋಡ್ರಿ."

ಬಸ್ಸಿನಲ್ಲಿ ಇಷ್ಟೆಲ್ಲ ನೆನೆಯುತ್ತ ರೋಣಕ್ಕೆ ಇಳಿದು ಮಾಮಾನ ಮನೆಗೆ ಹೋದೆ. ಖೈರುನಬಿಯ ಮನೆಗೆ ಹೋಗಿಬಂದ ಮೇಲೆ ಪ್ರತಿ ವರ್ಷ ದಸರೆಯ ನಂತರ ನಾವಿಬ್ಬರೂ ಆ ಗುಡ್ಡ ಹತ್ತುತ್ತೇವೆ. ಗಾಳ ಒಯ್ಯುವುದಿಲ್ಲ. ಉಳಿದ ನೀರನ್ನು ನೋಡಿ, ರೊಟ್ಟಿ ತಿಂದು ಇಳಿಯುತ್ತೇವೆ. ನನಗಂತೂ ಆ ಏರು ಸಾಕುಸಾಕಾಗುತ್ತದೆ. ಆದರೂ ಮಾಮಾನಿಗೆ ಅದೊಂದು ಸಮಾಧಾನವೆಂದು ಹೋಗುತ್ತಿದ್ದೆ. ಅವತ್ತು ನಾನು ಚಹಾ ಕುಡಿಯುವಾಗ ಮಾಮಾ ಒಳಗಿದ್ದರು. ಅತ್ತೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು:

"ಈ ವರ್ಷರೆ ಗುಡ್ಡ ಬ್ಯಾಡ ಅನ್ನಪಾ. ಇವರಿಗೆ ಮೊಣಕಾಲ ಒಂದ ಸವನ ಹಿಡಿತಾವ. ಕೇಳಿದ್ರ, 'ಅಳಿಯಾಗ ಗುಡ್ಡ ಅಂದ್ರ ಭಾಳ ಇಷ್ಟ, ನಾ ಒಲ್ಲೆ ಅಂದ್ರ ಬ್ಯಾಸರಾ ಮಾಡ್ಕೋತಾನ' ಅಂತಾರ."

ಅಷ್ಟರಲ್ಲಿ ಮಾಮಾ ಹೊರಗೆ ಬಂದು, "ಏನಪಾ, ರವಿವಾರ ಹೋಗೂಣೇನು?" ಎಂದರು.

ನಾನು ಅತ್ತೆಯ ಮುಖ ನೋಡಿದೆ, ಮಾಮಾನ ಮುಖ ನೋಡಿದೆ.

"ಹೋಗೂಣ್ರಿ ಮಾಮಾ" ಎಂದೆ. "ಈ ಸಲ ಕಾಲುದಾರಿ ಹಿಡಿದು, ಸಾವಕಾಶ."