ಗಾಳಿಗೆ ಪಳಗಿದ ಅಂಗೈ

ಕೊರವಂಗಲದ ಬಸವೇಶನಂಥ ಹಟಮಾರಿಯನ್ನು ನಾನು ನೋಡಿಲ್ಲ. ಚನ್ನರಾಯಪಟ್ಟಣದ ರಸ್ತೆಯಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ತೆಂಗಿನ ನಾರಿನ ಪುಡಿಯನ್ನು ಒತ್ತಿ ಗಿಡದ ಕುಂಡಕ್ಕೆ ಹಾಕುವ ಇಟ್ಟಿಗೆ ಮಾಡುತ್ತಾರೆ. ಒತ್ತುವುದು ಎಣ್ಣೆಯ ಬಲದಿಂದ ನಡೆಯುವ ಹೈಡ್ರಾಲಿಕ್ ಪ್ರೆಸ್ಸು. ಇಟ್ಟಿಗೆಯನ್ನು ಚೀಲಕ್ಕೆ ತಳ್ಳುವುದು ಗಾಳಿಯಿಂದ ನಡೆಯುವ ಮಿಷನ್ನು. ನಾನು, ಬಸವೇಶ ಇಬ್ಬರೂ ಗಾಳಿ ಮಿಷನ್ನಿನ ಕಡೆ ಗುತ್ತಿಗೆ ಆಳುಗಳು. ಗುತ್ತಿಗೆಯವನ ಮರ್ಯಾದೆ ಕೇಳಬೇಡಿ. ದಿನಾ ಬೆಳಿಗ್ಗೆ ಗೇಟಿನ ಮುಂದೆ ಸಂತೆಯ ದನದ ಹಾಗೆ ನಿಲ್ಲಬೇಕು. ಕಂಟ್ರಾಕ್ಟರ್ ದೇವರಾಜ್ ಬೆರಳು ತೋರಿಸಿದವನು ಒಳಗೆ, ಉಳಿದವನು ಮನೆಗೆ.

ಪುಡಿ ಸೋಸುವ ಜರಡಿಯ ಸದ್ದಿನಲ್ಲಿ ಗಾಳಿಯ ಪೈಪು ಸೋರಿದರೂ ಕಿವಿಗೆ ಕೇಳುವುದಿಲ್ಲ. ಅದಕ್ಕೇ ನಾವು ಅಂಗೈಯನ್ನು ನೀರಿಗೆ ಅದ್ದಿ ಪೈಪಿನುದ್ದಕ್ಕೂ ಸವರುತ್ತೇವೆ. ಗಾಳಿ ಸೋರುವ ಕಡೆ ಒದ್ದೆ ಕೈಗೆ ತಣ್ಣಗೆ ತಗಲುತ್ತದೆ. ಇದರಲ್ಲಿ ಬಸವೇಶನನ್ನು ಮೀರಿಸಿದವರಿರಲಿಲ್ಲ. ಮಾತಾಡುತ್ತಲೇ, ಬೇರೆಲ್ಲೋ ನೋಡುತ್ತಲೇ ಹಿಡಿದುಬಿಡುತ್ತಿದ್ದ.

ಪ್ರೆಸ್ಸಿನ ರಿಪೇರಿ ಕಲಿತವರಿಗೆ ಖಾಯಂ ಕೆಲಸ ಎಂದು ಮ್ಯಾನೇಜರ್ ಹೇಳಿದ್ದೇ ತಡ, ಇವನು ಹಾಸನದಲ್ಲಿ ಭಾನುವಾರದ ತರಗತಿಗೆ ಸೇರಿಕೊಂಡ. ಎಳೆ ಹುಡುಗರ ನಡುವೆ ಕುಳಿತ ಮೀಸೆ ಹೊತ್ತ ವಿದ್ಯಾರ್ಥಿ!

"ಏನ್ಲಾ, ಸ್ಲೇಟು ಬಳಪ ತಕಂಡ್ಯಾ?" ಎಂದು ರೇಗಿಸಿದೆ.

"ನಗಾಡು ರಂಗಣ್ಣ. ದಿನಾ ಗೇಟ್ ಮುಂದೆ 'ನೀ ಬಾ, ನೀ ಓಗು' ಅನ್ನುಸ್ಕಂಡು ಸಾಕಾಗೈತೆ ನಂಗೆ," ಎಂದ.

ಅಲ್ಲಿ ಪಾಠ ಹೇಳುತ್ತಿದ್ದವರು ಈಶ್ವರಯ್ಯ ಮೇಷ್ಟ್ರು. ಅವರ ಮಾತನ್ನು ಬಸವೇಶ ಊಟದ ಹೊತ್ತಿನಲ್ಲಿ ನಮಗೆ ಒಪ್ಪಿಸುತ್ತಿದ್ದ. "ಗಾಳಿ ಇಸುಕಿದ್ರೆ ಕುಗ್ತದೆ, ಎಣ್ಣೆ ಕುಗ್ಗಲ್ಲ ಕಣಣ್ಣ. ಪೈಪು ಸೂಜಿಯಷ್ಟು ತೂತಾದ್ರೂ ಎಣ್ಣೆ ಚರ್ಮ ತೂರ್ಕಂಡು ಒಳಿಕ್ಕೋಯ್ತದೆ. ಸೋರೋದು ಉಡುಕ್ಬೇಕಾದ್ರೆ ರಟ್ಟು ಇಡೀಬೇಕಂತೆ, ಕೈ ಇಡಂಗಿಲ್ಲ." ಕೇಳಿ ಕೇಳಿ ನಮಗೇ ಬಾಯಿಪಾಠವಾಗಿತ್ತು.

ಪರೀಕ್ಷೆ ಪಾಸಾದ. ಮ್ಯಾನೇಜರ್, "ಪ್ರೆಸ್ಸಿನ ಹತ್ರ ಸ್ವಲ್ಪ ದಿನ ನಿನ್ನ ಕೆಲಸ ನೋಡೋಣ, ಆಮೇಲೆ ಖಾಯಂ ಆರ್ಡರ್," ಎಂದರು. ಹೆಂಡತಿ ತೇಜಶ್ರೀ ಅವತ್ತೇ ಬೀದಿಗೆಲ್ಲ ಸಕ್ಕರೆ ಹಂಚಿಬಿಟ್ಟಳು.

ಒಂದು ಬೆಳಿಗ್ಗೆ ಪ್ರೆಸ್ಸಿನ ಬಲ ಕುಗ್ಗಿ ಇಟ್ಟಿಗೆಗಳು ಪುಡಿಪುಡಿಯಾಗಿ ಬೀಳತೊಡಗಿದವು. ಪ್ರೆಸ್ಸು ಓಡುತ್ತಲೇ ಇತ್ತು. ಬಸವೇಶ ಗಡಿಬಿಡಿಯಲ್ಲಿ ಬಂದವನೇ ನೀರಿನ ಬಕೆಟ್ಟಿಗೆ ಕೈ ಅದ್ದಿ ಎಣ್ಣೆಯ ರಬ್ಬರ್ ಪೈಪಿನ ಮೇಲೆ ಸವರಿದ. ಕಲಿತದ್ದೆಲ್ಲ ತಲೆಯಲ್ಲಿತ್ತು, ಕೈಗೆ ತಲುಪಿರಲಿಲ್ಲ. ಥಟ್ಟನೆ ಕೈ ಕೊಡವಿದ. ಅಂಗೈ ನೋಡಿದರೆ ಒಂದು ಚುಕ್ಕೆ. ರಕ್ತವಿಲ್ಲ, ಅಂಥ ನೋವೂ ಇಲ್ಲ.

"ಇರುವೆ ಕಡ್ದಂಗಾಯ್ತು, ಅಷ್ಟೇಯ," ಎಂದ.

"ಆಸ್ಪತ್ರೆಗೆ ಓಗ್ಲಾ," ಎಂದೆ.

"ಓದ್ರೆ ಕೈ ಇಟ್ಟೆ ಅಂತ ಗೊತ್ತಾಯ್ತದೆ. ಕಲ್ತೋನೇ ಇಂಗೆ ಮಾಡವ್ನೆ ಅಂತ ಆರ್ಡರ್ ತಡೀತಾರೆ. ಸುಮ್ಕಿರು, ನಿನ್ ದಮ್ಮಯ್ಯ."

ಪೈಪು ಬದಲಾಯಿಸಿದ. ಪ್ರೆಸ್ಸು ಓಡಿತು. ಮ್ಯಾನೇಜರ್ ಬಂದು ಶಹಬ್ಬಾಸ್ ಎಂದು ಬೆನ್ನು ತಟ್ಟಿದರು. ಮನೆಯಲ್ಲಿ ತಾಯಿ ಕಮಲಾಕ್ಷಮ್ಮನವರಿಗೆ ಮುಳ್ಳು ಚುಚ್ಚಿತೆಂದನಂತೆ. ಆಕೆ ಎಲ್ಲ ಮುಳ್ಳಿಗೂ ಮಾಡುವಂತೆ ಅರಿಶಿನ ಸುಣ್ಣ ಕಲಸಿ ಹಚ್ಚಿದರು.

ಬೆಳಗಾಗುವಷ್ಟರಲ್ಲಿ ಕೈ ಊದಿ ಕಪ್ಪಿಟ್ಟಿತ್ತು. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು, ಆಗಲೇ ಬಂದಿದ್ದರೆ ಕುಯ್ದು ಎಣ್ಣೆ ತೆಗೆಯಬಹುದಿತ್ತು, ಈಗ ಒಳಗೆಲ್ಲ ಕೊಳೆತಿದೆ ಎಂದರು. ಬಲಗೈಯ ಹೆಬ್ಬೆರಳು, ಪಕ್ಕದ ಎರಡು ಬೆರಳು ಹೋದವು. ಸ್ಪ್ಯಾನರ್ ಹಿಡಿಯಲಾರದವನಿಗೆ ಯಾವ ಆರ್ಡರ್? ದೇವರಾಜನೂ ಗೇಟಿನಲ್ಲಿ ಅವನತ್ತ ಬೆರಳು ತೋರಿಸುವುದನ್ನು ಬಿಟ್ಟ. ನಾನು ಯಾರನ್ನು ಬಯ್ಯಲಿ?

ಹೋದ ವಾರ ಕೊರವಂಗಲಕ್ಕೆ ಹೋಗಿದ್ದೆ. ತೇಜಶ್ರೀ ಕಾಫಿ ಕೊಟ್ಟು ಒಳಗೆ ಹೋದಳು. ಬಸವೇಶ ಎಡಗೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದ.

"ರಂಗಣ್ಣ, ನಾನು ಕಲೀದೇ ಇದ್ದಿದ್ರೆ ಆ ಪ್ರೆಸ್ ಅತ್ರಕ್ಕೆ ನನ್ನ ಬಿಡ್ತಾನೇ ಇರ್ಲಿಲ್ಲ, ಅಲ್ವಾ?"

ಸಮಾಧಾನ ಹೇಳಲೆಂದೇ ಹೋಗಿದ್ದೆ.

"ಊಂ ಕಣಪ್ಪ," ಎಂದೆ. "ಬಿಡ್ತಿರ್ಲಿಲ್ಲ."