ಬೆಕ್ಕಿಗೆ ಲಿಂಗ ಕಟ್ಟಿರಲಿಲ್ಲ

ಮೊನ್ನೆ ರಾಯದುರ್ಗದ ಸಂತೆಯಲ್ಲಿ ಒಣಮೀನಿನ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಸೊಸೆ ಮೂಗಿಗೆ ಸೆರಗು ಹಿಡಿದು ಮುಂದೆ ಹೋದಳು. ನಾನು ನಿಂತೆ. ನಾವು ಲಿಂಗ ಕಟ್ಟುವ ಜನ, ಮೀನು ಮುಟ್ಟುವವರಲ್ಲ. ಆದರೂ ಆ ವಾಸನೆಗೆ ನಮ್ಮ ಹಿತ್ತಲಾಚೆಯ ಮನೆಯಾಕೆ ನೆನಪಾದಳು...

ಆಕೆಯದು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ. ಹೊಲಿಯುವವರ ಹತ್ತಿರದಿಂದ ಗಂಟು ತಂದು ಬಾಗಿಲಲ್ಲಿ ಕೂತರೆ ಸಂಜೆಯವರೆಗೆ ಕತ್ತರಿ ನಿಲ್ಲುತ್ತಿರಲಿಲ್ಲ. ಬೆರಳೆಲ್ಲ ನೀಲಿ. ನನ್ನ ಎರಡೂ ಬೆಕ್ಕುಗಳು ಆ ಗಂಟಿನ ಮೇಲೇ ಮಲಗುತ್ತಿದ್ದವು.

ಹತ್ತು ವರ್ಷದ ಹಿಂದೆ ನಾವು ಎಂಟು ದಿನ ಶ್ರೀಶೈಲಕ್ಕೆ ಹೊರಟಾಗ ಬೆಕ್ಕುಗಳನ್ನು ಆಕೆಯ ಮನೆಯಲ್ಲಿ ಬಿಟ್ಟೆ. "ಹಾಲು, ಅನ್ನ ಅಷ್ಟೇ. ನಿಮ್ಮನಿ ಅಡಿಗಿ ಹಾಕಬ್ಯಾಡ" ಎಂದು ಹೇಳಿದ್ದೆ. ಅದು ನನ್ನ ತಪ್ಪು.

ತಿರುಗಿ ಬಂದಾಗ ಚೀಲ ಇಳಿಸುವ ಮೊದಲೇ ಆಕೆ ಬಂದು ನಿಂತಳು.

"ಬೈಯೋದಿದ್ರ ಈಗ್ಲೇ ಬೈರಿ, ಅಕ್ಕಾ. ಮುದಿ ಬೆಕ್ಕು ಮೂರು ದಿನ ಹಾಲು ಮೂಸ್ಲಿಲ್ಲ. ಸಾಯ್ತದ ಅನ್ನಿಸ್ತು. ಒಣಮೀನು ಹುರಿದು ಹಾಕೀನಿ."

ನಮ್ಮ ಜೊತೆ ಬಂದಿದ್ದ ನಾದಿನಿ ಹಣೆ ಚಚ್ಚಿಕೊಂಡಳು. "ಮಲ್ಲಯ್ಯನ ವಿಭೂತಿ ಇನ್ನಾ ಹಣಿ ಮ್ಯಾಲ ಐತಿ. ಮೀನು ತಿಂದದ್ದನ್ನ ಒಳಗ ಕರ್ಕೊಂತಿಯಾ? ಅಲ್ಲೇ ಬಿಡು. ಈಕಿ ಸಂಗನೂ ಬಿಡು."

"ಬೆಕ್ಕಿಗೆ ಲಿಂಗ ಕಟ್ಟೀವೇನು?" ಎಂದೆ. "ಇಲಿ ತಿಂದ್ರ ಮಡಿ, ಮೀನು ತಿಂದ್ರ ಮೈಲಿಗಿ? ನೀನೂ ಮೂರು ದಿನ ಉಪಾಸ ಇರು. ಆಮ್ಯಾಲ ಮಾತಾಡು."

ಮುದಿ ಬೆಕ್ಕನ್ನು ಎತ್ತಿಕೊಂಡು ದೇವರ ಕೋಣೆಯ ಮುಂದೆಯೇ ಹಾಯ್ದು ಒಳಗೆ ಹೋದೆ. ಬೆಕ್ಕು ಮೈ ತುಂಬಿಕೊಂಡಿತ್ತು. ನಾದಿನಿ ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ ಎಂದು ಕೂತಳು. ಹೊತ್ತು ಮುಳುಗುವುದರೊಳಗೆ ಮಂಡಕ್ಕಿ ಕೇಳಿದಳು. ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ. ಮುಂದೆ ಎಲ್ಲಿಗೆ ಹೋದರೂ ಬೆಕ್ಕುಗಳನ್ನು ಆಕೆಯ ಹತ್ತಿರವೇ ಬಿಟ್ಟೆ. ಏನು ಹಾಕಬೇಕೆಂದು ಮತ್ತೆ ಹೇಳಲಿಲ್ಲ.

ಆಕೆ ಮುಚ್ಚಿಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ...

ಹೋದ ವರ್ಷ ಆಕೆ ತೀರಿಕೊಂಡಳು. ನಾನು ಅಳಲಿಲ್ಲ. ಎರಡು ವಾರ ಹಿತ್ತಲ ಬಾಗಿಲು ಮಾತ್ರ ತೆಗೆಯಲಿಲ್ಲ.

ಮುದಿ ಬೆಕ್ಕು ಎಂದೋ ಹೋಯಿತು, ಚಿಕ್ಕದು ಉಳಿದಿದೆ. ಈಗ ಮನೆಯವರೆಲ್ಲ ಊಟಿಗೆ ಹೊರಟಿದ್ದಾರೆ. ಬಳ್ಳಾರಿಯಲ್ಲಿ ಬೆಕ್ಕು ಬಿಡುವ ಜಾಗ ಇದೆಯಂತೆ, ದಿನಾ ಫೋಟೋ ಕಳಿಸುತ್ತಾರಂತೆ. ಸೊಸೆ ಫೋನಿನಲ್ಲಿ ತೋರಿಸಿದಳು. ಫೋಟೋದಲ್ಲಿ ಎಲ್ಲ ಬೆಕ್ಕುಗಳೂ ಚೆನ್ನಾಗಿಯೇ ಇದ್ದವು.

"ನೀವು ಹೋಗ್ಬರ್ರಿ. ನಾ ಬರಂಗಿಲ್ಲ" ಎಂದೆ. ಹೇಳಿದ ಮಾತು ಮೀರಿ ನನ್ನ ಬೆಕ್ಕನ್ನು ಉಳಿಸಿ, ಮೀರಿದೆ ಎಂದು ಮುಖಕ್ಕೇ ಹೇಳುವವಳು ಇನ್ನಿಲ್ಲ. ಉಳಿದಿರುವ ಬೆಕ್ಕನ್ನು ಇನ್ನು ಯಾರ ಕೈಗೂ ಕೊಡುವುದಿಲ್ಲ.