ಮುಂದಿನ ಸೀಟು

ಆ ದಿನ ವ್ಯಾನಿನಲ್ಲಿದ್ದವರು ನಾವು ನಾಲ್ವರೇ. ಹೈಸ್ಕೂಲಿನಲ್ಲಿ ಒಂದೇ ಬೆಂಚು ಸವೆಸಿದವರು, ಈಗ ಎಲ್ಲರಿಗೂ ಅರವತ್ತರ ಹತ್ತಿರ. ಹಿಂದಿನ ಸೀಟಿನಲ್ಲಿ ಬನವಾಸಿಯಲ್ಲಿ ಅನಾನಸು ಬೆಳೆಯುವವಳು, ಅವಳ ಪಕ್ಕ ಸಿದ್ದಾಪುರದಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಮುಂದೆ ನಾನು. ಸ್ಟಿಯರಿಂಗ್ ಹಿಡಿದವಳು ಶಿರಸಿಯಲ್ಲಿ ನಮ್ಮ ಬೀದಿಯವಳೇ. ಗಂಡ ತೀರಿಕೊಂಡ ಮೇಲೆ, ಹೆಂಗಸಿಗೆ ಇದೆಲ್ಲ ಎಂತಕ್ಕೆ ಎಂದವರ ಎದುರಿಗೇ ಡ್ರೈವಿಂಗ್ ಕಲಿತು, ಶಾಲೆ ಮಕ್ಕಳ ವ್ಯಾನು ಓಡಿಸಿ ಸಂಸಾರ ನಡೆಸಿದವಳು. ದಿನಾ ಬೆಳಿಗ್ಗೆ ಹನ್ನೆರಡು ಮಕ್ಕಳು. ಅವರಲ್ಲಿ ಏಳು ವರ್ಷದ ನನ್ನ ಮೊಮ್ಮಗಳೂ ಒಬ್ಬಳು.

ದೀಪಾವಳಿ ಮುಗಿದ ಮೇಲೆ ಬರುವ ಭಾನುವಾರ ಎಲ್ಲಿಗಾದರೂ ಹೋಗಿ ಬರುವುದು ನಮ್ಮ ರೂಢಿ. ಈ ಸಲ ಯಲ್ಲಾಪುರದ ಜೇನುಕಲ್ಲು ಗುಡ್ಡ ಎಂದಾಗಿತ್ತು. ಜನರೆಲ್ಲ ಅಲ್ಲಿಗೆ ಹೋಗುವುದು ಸೂರ್ಯ ಮುಳುಗುವುದನ್ನು ನೋಡಲಿಕ್ಕೆ. ಹಿಂದೊಮ್ಮೆ ಅಲ್ಲಿಂದ ಬೇಡ್ತಿ ಹೊಳೆ ನೋಡಿ ಬಂದಿದ್ದ ವ್ಯಾನಿನವಳು ಮಾತ್ರ ಬೆಳಿಗ್ಗೆಯೇ ಹೋಗಿ ಬರೋಣ ಎಂದು ಹಟ ಹಿಡಿದಳು.

“ಹೊತ್ತು ಮುಳುಗದು ಎಂತ ನೋಡದು ಇದ್ದೇ? ಅದು ದಿನಾ ಮುಳುಗ್ತು. ಕತ್ತಲಾಗದ್ರೊಳಗೆ ಮನೆ ಸೇರವು.”

ನಾವು ನಕ್ಕು ಒಪ್ಪಿದೆವು.

ಶಿರಸಿ ದಾಟುವ ಹೊತ್ತಿಗೆ ಅವಳು ಆಟ ಶುರು ಮಾಡಿದಳು. “ಮುಂದಿನ ಸೀಟಲ್ಲಿ ಕುಂತವು ಎದುರಿಗೆ ಎಂತ ಬಂದ್ರೂ ಹೇಳವು. ಮಕ್ಕಳ ಹತ್ರ ದಿನಾ ಇದೇ ಆಟ ಆಡ್ಸ್ತೆ. ಹೇಳದೇ ಹೋದ್ರೆ ಪೆಪ್ಪರಮೆಂಟು ಇಲ್ಲೆ!”

ಈ ಆಟ ನನಗೆ ಗೊತ್ತಿತ್ತು. ಮೊಮ್ಮಗಳು ಸಂಜೆ ಬಾಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡೇ ಮನೆಗೆ ಬರುತ್ತಿದ್ದಳು, ಇವತ್ತೂ ನಾನೇ ಗೆದ್ದೆ ಎನ್ನುತ್ತ. ನಾನೂ ಹುರುಪಿನಿಂದ ಕೂಗಿದೆ. “ದನ! ಬೈಕು! ಹಂಪು!” ಒಂದು ಕಡೆ ಹಿಂದಿನವರ ಮಾತಿಗೆ ತಿರುಗಿ, ಕರುವೊಂದನ್ನು ಹೇಳಲು ಮರೆತೆ. ವ್ಯಾನು ಎಷ್ಟು ತಡವಾಗಿ, ಎಷ್ಟು ಜೋರಾಗಿ ನಿಂತಿತೆಂದರೆ ಚಕ್ಕುಲಿ ಡಬ್ಬಿ ಉರುಳಿ ಎಲ್ಲರ ಕಾಲಡಿಗೆ ಬಂತು.

“ಹೋತು ನಿನ್ನ ಪೆಪ್ಪರಮೆಂಟು,” ಎಂದಳು. ಮತ್ತೆ ನಗು.

ಗುಡ್ಡದ ತುದಿಯ ಕಟಕಟೆಗೆ ನಾನೂ ನರ್ಸೂ ಮೊದಲು ತಲುಪಿದೆವು. ದಾರಿಯಲ್ಲೆಲ್ಲ ಚೊಕ್ಕ ಬಿಸಿಲು, ಕೆಳಗಿನ ಕಣಿವೆ ಮಾತ್ರ ಅಂಚಿನಿಂದ ಅಂಚಿಗೆ ಬೆಳ್ಳಗೆ ತುಂಬಿತ್ತು. ಹೊಳೆಯಿಲ್ಲ, ಕಾಡಿಲ್ಲ, ಬರೀ ಮಂಜು. ಇಬ್ಬರೂ ಕಟಕಟೆಗೆ ಆತು ನೋಡುತ್ತ ನಿಂತೆವು. ಉಳಿದಿಬ್ಬರು ಕೈ ಕೈ ಹಿಡಿದುಕೊಂಡು ಬಂದರು. ಸ್ನೇಹಕ್ಕೆ ಹಿಡಿದ ಕೈ ಎಂದುಕೊಂಡಿದ್ದೆ.

ಬನವಾಸಿಯವಳು ಕೆಳಗೆ ನೋಡಿ ಕಣ್ಣು ಮಿಟುಕಿಸಿದಳು. “ಏನವಾ, ಎಲ್ಲೈತಿ ನಿನ್ನ ಹೊಳಿ?”

ವ್ಯಾನಿನವಳು ಕಟಕಟೆಯಾಚೆ ಕೈ ಚಾಚಿದಳು. “ಅದೇ ನೋಡೇ, ಬೇಡ್ತಿ. ಅಲ್ಲಿಂದ ಬಂದು ಹೀಂಗೆ ಬಳಸಿ ತಿರುಗ್ತು. ಬಿಸಿಲಿಗೆ ಹೆಂಗೆ ಹೊಳೀತಾ ಇದ್ದು ನೋಡು!”

ನಾವು ಹೊಟ್ಟೆ ಹಿಡಿದು ನಕ್ಕೆವು. “ಮೀನು ಕಾಣ್ತನೇ?” ಎಂದೆ.

ಅವಳೂ ನಕ್ಕಳು, ಒಂದು ಕ್ಷಣ ತಡವಾಗಿ. “ಮೀನಲ್ದೇ, ಬಂಡೆ ಕಾಣ್ತು.”

ಮೊದಲು ನಿಂತದ್ದು ನರ್ಸಿನ ನಗು. “ಈ ಮಂಜಲ್ಲಿ ಬಂಡೆ ಹೆಂಗೆ ಕಾಣ್ತದೆಯೇ ನಿಂಗೆ?”

“ಯಾವ ಮಂಜು?”

ನರ್ಸು ಅವಳ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದಳು. “ಎರಡೂ ಕಣ್ಣಲ್ಲಿ ಪೊರೆ. ಎಷ್ಟು ದಿನಾತೇ?”

“ಬಲಗಣ್ಣು ಹೋದ ವರ್ಷ. ಎಡಗಣ್ಣು ಈ ಮಳೆಗಾಲದಿಂದ,” ಎಂದಳು ಮೆಲ್ಲಗೆ. “ನಂಗೆ ದಿನಾ ಬೆಳ್ಳಗೇ ಇರ್ತು. ನಿಂಗಕ್ಕೆಲ್ಲ ಹೊಳೆ ಕಾಣ್ತಾ ಇದ್ದು ಹೇಳಿ ತಿಳ್ಕಂಡೆ.”

ನನಗೆ ಆ ಕರು ನೆನಪಾಯಿತು. ಆಮೇಲೆ ಪೆಪ್ಪರಮೆಂಟು.

“ದಿನಾ ನನ್ನ ಮೊಮ್ಮಗಳು ಮುಂದಿನ ಸೀಟಲ್ಲಿ ಕೂರ್ತಲೇ!”

“ಅದ್ರ ಕಣ್ಣು ಚಲೋ ಇದ್ದೇ,” ಎಂದಳು. ಹೊಗಳಿಕೆಯ ದನಿಯಲ್ಲೇ ಹೇಳಿದಳು. “ಬೇರೆ ಮಕ್ಕ ಹೇಳ್ಲೆ ಮರೀತ. ಅದು ಒಂದೂ ತಪ್ಪಿಸ್ತಿಲ್ಲೆ. ಅದಕ್ಕೇ ಅದನ್ನ ಮುಂದೆ ಕೂರ್ಸದು.”

ಕೈ ಎತ್ತಿದ್ದೆ. ಹೊಡೆಯಲಿಕ್ಕೋ ಏನೋ, ಇವತ್ತಿಗೂ ಗೊತ್ತಿಲ್ಲ. ಎದೆ ಹಾರಿದಾಗ ಬಾಯಿ ತೆಗೆಯಬೇಡ, ನೀರು ಕುಡಿ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಎತ್ತಿದ ಕೈಯಿಂದಲೇ ಚೀಲದ ಬಾಟಲಿ ತೆಗೆದು ನೀರು ಕುಡಿದೆ. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು.

“ಅರ್ಧ ತಾಸಿನ ಆಪರೇಶನ್ನು ಮಾರಾಯ್ತಿ!” ನರ್ಸು ಕಿರುಚಿದಳು. “ನಂಗಾದ್ರೂ ಹೇಳೂಕೆ ಎಂತ ಆಗಿತ್ತು?”

“ತಿಂಗಳುಗಟ್ಲೆ ವ್ಯಾನು ನಿಂತ್ರೆ ಮಕ್ಕ ಬೇರೆ ವ್ಯಾನಿಗೆ ಹೋಗ್ತ. ಕಣ್ಣು ಕಾಣ್ತಿಲ್ಲೆ ಹೇಳಿ ಊರಿಗೆ ಗೊತ್ತಾದ್ರೆ, ಮತ್ತೆ ಯಾರು ಕಳಿಸ್ತ?”

ನಾನು ಕೈ ಚಾಚಿದೆ. “ಕೀಲಿ ಕೊಡು.”

“ನಾಳೆ ಸೋಮವಾರ…”

“ಕೀಲಿ ಕೊಡೇ. ಹನ್ನೆರಡೂ ಮನೆಗೆ ಇವತ್ತೇ ಹೋಗಿ ನೀನೇ ಹೇಳು. ಇಲ್ದಿದ್ರೆ ಆನು ಹೇಳ್ತೆ.”

ಅವಳ ಮುಷ್ಟಿ ಬಿಚ್ಚಲಿಲ್ಲ. ಬನವಾಸಿಯವಳು ಅದನ್ನು ತನ್ನೆರಡು ಕೈಯಲ್ಲಿ ಹಿಡಿದಳು. “ಕೊಡವಾ ತಾಯಿ. ಇಲ್ಲೀಮಟಾ ನಾಕೂ ಮಂದಿ ಜೀವಂತ ಬಂದೀವಲ್ಲ, ಅದ ದೊಡ್ಡದು.”

ಸ್ವಲ್ಪ ಹೊತ್ತಿಗೆ ಕೀಲಿ ನನ್ನ ಅಂಗೈಗೆ ಬಂತು, ಬೆವರಿನಿಂದ ಒದ್ದೆಯಾಗಿತ್ತು. ಅನಾನಸು ಹೆಚ್ಚಿ ಉಪ್ಪುಕಾರ ಹಚ್ಚಿ ತಂದದ್ದನ್ನು ಯಾರೂ ಮುಟ್ಟಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಮಂಜು ಕರಗಿತು. ಹೊಳೆ ಅವಳು ತೋರಿಸಿದಲ್ಲೇ ಬಳಸಿ ತಿರುಗಿತ್ತು. ಅದನ್ನು ಅವಳಿಗೆ ಹೇಳುವ ಮನಸ್ಸು ನಮಗೆ ಬರಲಿಲ್ಲ.

ಉಳಿದ ಮೂವರಿಗೂ ವ್ಯಾನು ಓಡಿಸಲು ಬಾರದು. ಮಾಗೋಡಿನ ಅಂಗಡಿಯವನೊಬ್ಬ ತನ್ನ ತಮ್ಮನನ್ನು ಕಳಿಸಿ ವ್ಯಾನು ಶಿರಸಿಗೆ ಮುಟ್ಟಿಸಿದ. ದಾರಿಯುದ್ದಕ್ಕೂ ಅವಳು ನನ್ನ ಪಕ್ಕ ಕೂತಿದ್ದಳು. ಪ್ರತಿ ತಿರುವಿಗೂ ಮೊದಲೇ ಅವಳ ಬಲಗಾಲು ವ್ಯಾನಿನ ನೆಲವನ್ನು ಒತ್ತುತ್ತಿತ್ತು. ಆ ಸಂಜೆ ಹನ್ನೆರಡೂ ಮನೆಗೆ ಅವಳ ಜೊತೆ ನಾನೂ ಹೋದೆ. ನನ್ನ ಮನೆಯೇ ಮೊದಲು. ಮಗ ಅವಳಿಗೆ ಕೂತುಕೊಳ್ಳಿ ಎಂದೂ ಹೇಳಲಿಲ್ಲ.

ಒಂದು ಕಣ್ಣಿಗೆ ಆಪರೇಶನ್ನು, ಆಮೇಲೆ ಇನ್ನೊಂದಕ್ಕೆ. ಸಂಕ್ರಾಂತಿ ಕಳೆದ ಮೇಲೆ ಡಾಕ್ಟರ ಚೀಟಿಯನ್ನು ಎಲ್ಲರಿಗೂ ತೋರಿಸಿ ಅವಳು ಮತ್ತೆ ವ್ಯಾನು ತೆಗೆದಳು. ಐದು ಮನೆಯವರು ಮಕ್ಕಳನ್ನು ಕಳಿಸಲಿಲ್ಲ. ಅವರದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮನೆಯಲ್ಲೂ ಎರಡು ದಿನ ವಾದ ನಡೆದಿತ್ತು.

ಮೊದಲ ದಿನ ಮುಂದಿನ ಸೀಟಿನಲ್ಲಿ ನಾನೇ ಹೋಗಿ ಕೂತೆ. ಎಂತಕ್ಕೆ ಬಂದೆ ಎಂದು ಅವಳು ಕೇಳಲಿಲ್ಲ. ನಮ್ಮ ಗೇಟಿನಿಂದ ಶಾಲೆಯವರೆಗೆ ಸಿಕ್ಕ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಹೋದಳು: ಹೊಲಿಗೆ ಅಂಗಡಿ, ರೂಮು ಬಾಡಿಗೆಗಿದೆ, ಇಲ್ಲಿ ಕಸ ಹಾಕಬಾರದು. ಕಂಬಕ್ಕೆ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸಿನ ಕೆಳಗಿನ ಸಣ್ಣಕ್ಷರವನ್ನೂ ಬಿಡಲಿಲ್ಲ.

ಮರುದಿನ ಮೊಮ್ಮಗಳನ್ನು ಒಬ್ಬಳನ್ನೇ ಕಳಿಸಿದೆ, ಹಿಂದಿನ ಸೀಟಿನಲ್ಲಿ.